ನೋವು ನಿಂತರೆ ಗಾಯ ಮಾಯಿತೆ?

ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ವಾರ ಕಳೆಯುವುದರೊಳಗೆ ಗಾಯ ಮಾಯುತ್ತದೆ. ಮುಂಗೈ ಮೂಳೆ ಮುರಿದರೆ ಕಟ್ಟು ಹಾಕಿಸಿಕೊಂಡು ಆರೆಂಟು ವಾರ ಕಾದರೆ ಸಾಮಾನ್ಯವಾಗಿ ಮೂಳೆ ಕೂಡಿಕೊಳ್ಳುತ್ತದೆ. ಇವೆರಡೂ ನಾವು ಮನೆಗಳಲ್ಲಿ ಕಂಡು ಬಲ್ಲ ಸಂಗತಿಗಳು. ಇವನ್ನು ನೋಡಿ ನೋಡಿ, ದೇಹದಲ್ಲಿ ಏನು ಹರಿದರೂ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುವುದೆಂದೂ, ನೋವು ನಿಂತ ದಿನವೇ ಗಾಯವೂ ವಾಸಿಯಾಯಿತೆಂದೂ ನಾವು ತಿಳಿದುಬಿಡುತ್ತೇವೆ. ಈ ತಿಳಿವಳಿಕೆ ಅರ್ಧ ಸತ್ಯ ಮಾತ್ರ. ಚರ್ಮ, ಮೂಳೆ, ಸ್ನಾಯು, ಮೃದ್ವಸ್ಥಿ ಇವು ಒಂದೇ ದೇಹದ ಭಾಗಗಳಾದರೂ ಒಂದೇ ಗಡಿಯಾರವನ್ನು ಅನುಸರಿಸಿ ನಡೆಯುವುದಿಲ್ಲ. ಕೆಲವು ಬೇಗ ಬೆಸೆದುಕೊಳ್ಳುತ್ತವೆ. ಕೆಲವಕ್ಕೆ ವರ್ಷವೇ ಬೇಕು. ಮತ್ತೆ ಕೆಲವು ತಾವಾಗಿ ಬೆಸೆದುಕೊಳ್ಳುವುದೇ ಇಲ್ಲ.

ಈ ಭೇದವನ್ನು ಅರಿಯದೆ ಹೋದರೆ ಅದರ ಬೆಲೆ ಎಷ್ಟಾಗಬಹುದೆಂಬುದನ್ನು ತಿಳಿಯಲು ಫುಟ್‌ಬಾಲ್ ಆಟಗಾರರ ಜೀವನಕ್ಕಿಂತ ಸ್ಪಷ್ಟವಾದ ಪಾಠ ಬೇರೊಂದಿಲ್ಲ. ಅವರಲ್ಲಿ ಮುಖ್ಯವಾಗಿ ಒಬ್ಬನ ಮಂಡಿಯ ಕಥೆಯನ್ನು ಇಲ್ಲಿ ವಿಚಾರಮಾಡೋಣ.

ಹದಿನೇಳರ ಹುಡುಗ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ 1976ರಲ್ಲಿ ಹುಟ್ಟಿದ ರೊನಾಲ್ಡೊನ ಹೆಸರನ್ನು ವಾಚಕರು ಕೇಳಿರಬಹುದು. ಈತ ಪೋರ್ಚುಗಲಿನ ಕ್ರಿಸ್ಟಿಯಾನೊ ರೊನಾಲ್ಡೊ ಅಲ್ಲ, ಅವನಿಗಿಂತ ಹಿರಿಯನಾದ ಇನ್ನೊಬ್ಬ. 1994ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿಯೇ, ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲಿ ಈತ ಸದಸ್ಯನಾಗಿದ್ದ. ಆಡುವ ಅವಕಾಶ ಮಾತ್ರ ಒದಗಲಿಲ್ಲ. ಅದೇ ವರ್ಷ ಹಾಲೆಂಡಿನ ಪಿ.ಎಸ್.ವಿ. ಐಂಡ್‌ಹೋವನ್ ತಂಡವನ್ನು ಸೇರಿ ಎರಡು ವರ್ಷಗಳಲ್ಲಿ 54 ಗೋಲು ಹೊಡೆದ. ಎರಡನೆಯ ವರ್ಷದಲ್ಲಿ ಬಹುಕಾಲ ಮಂಡಿಯ ತೊಂದರೆಯಿಂದ ಮೈದಾನದ ಹೊರಗೆ ಕುಳಿತಿದ್ದರೂ ಇಷ್ಟನ್ನು ಸಾಧಿಸಿದನೆಂಬುದು ಗಮನಾರ್ಹ. ಮುಂದಿನ ವರ್ಷ ಸ್ಪೇನಿನ ಬಾರ್ಸಿಲೋನಾ ತಂಡಕ್ಕಾಗಿ 49 ಪಂದ್ಯಗಳಲ್ಲಿ 47 ಗೋಲು. ಇಪ್ಪತ್ತನೆಯ ವಯಸ್ಸಿಗೆ ಜಗತ್ತಿನ ಶ್ರೇಷ್ಠ ಆಟಗಾರನೆಂಬ ಮನ್ನಣೆ. 1997ರಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡ ಅಂದಿನ ಮಟ್ಟಿಗೆ ದಾಖಲೆಯೆನಿಸಿದ ಹಣ ತೆತ್ತು ಈತನನ್ನು ಕೊಂಡಿತು.

ಈತನ ಆಟದ ಸೊಗಸು ವೇಗದಲ್ಲಿತ್ತು. ವೇಗಕ್ಕಿಂತ ಹೆಚ್ಚಾಗಿ ವೇಗದ ಬದಲಾವಣೆಯಲ್ಲಿತ್ತು. ಪೂರ್ಣ ಓಟದಲ್ಲಿರುವಾಗ ಥಟ್ಟನೆ ನಿಲ್ಲುವುದು, ಚೆಂಡಿನ ಮೇಲೆ ಕಾಲನ್ನು ಸುತ್ತಿಸಿ ಎದುರಾಳಿಯನ್ನು ಮರುಳುಮಾಡುವುದು, ಮರುಕ್ಷಣ ಇನ್ನೊಂದು ದಿಕ್ಕಿಗೆ ಚಿಮ್ಮುವುದು ಇವೇ ಆತನ ಬಂಡವಾಳ. ಆ ಬಂಡವಾಳವೆಲ್ಲವೂ ಮಂಡಿಯ ಮೇಲೆ ನಿಂತಿತ್ತು.

1999ರ ನವೆಂಬರ್ 21ರಂದು ಲೆಚ್ಚೆ ತಂಡದೊಡನೆ ಆಡುತ್ತಿದ್ದಾಗ ಬಲ ಮಂಡಿಯ ಸ್ನಾಯುರಜ್ಜು ಭಾಗಶಃ ಹರಿಯಿತು. ಪ್ಯಾರಿಸ್ಸಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಸುಮಾರು ಐದು ತಿಂಗಳ ತರುವಾಯ, 2000ದ ಏಪ್ರಿಲ್ 12ರಂದು, ರೋಮ್ ನಗರದಲ್ಲಿ ಲಾಟ್ಸಿಯೊ ತಂಡದ ಎದುರು ಈತ ಮತ್ತೆ ಕಣಕ್ಕಿಳಿದ. ಇಳಿದು ಹತ್ತು ನಿಮಿಷವೂ ಕಳೆದಿರಲಿಲ್ಲ. ಚೆಂಡಿನೊಡನೆ ಮುನ್ನುಗ್ಗಿ ಎಂದಿನಂತೆ ಕಾಲು ಸುತ್ತಿಸಲು ಹೋದವನು ಕುಸಿದುಬಿದ್ದ. ಯಾರೂ ಆತನನ್ನು ಒದೆಯಲಿಲ್ಲ, ತಳ್ಳಲೂ ಇಲ್ಲ. ಅದೇ ರಜ್ಜು ಈ ಬಾರಿ ಪೂರ್ಣವಾಗಿ ತುಂಡಾಗಿ, ಮಂಡಿಚಿಪ್ಪು ತನ್ನ ಸ್ಥಳವನ್ನು ಬಿಟ್ಟು ತೊಡೆಯ ಕಡೆಗೆ ಸರಿದಿತ್ತು. ಆಗ ಆತನಿಗೆ ಇಪ್ಪತ್ತಮೂರು ವರ್ಷ.

ಯಾರೂ ಮುಟ್ಟದಿರುವಾಗ, ತನ್ನದೇ ಒಂದು ಹೆಜ್ಜೆಯಿಂದ ಮನುಷ್ಯನ ಮಂಡಿ ಹೀಗೆ ಮುರಿದುಬೀಳುವುದು ಹೇಗೆ?

ರಾಟೆ ಮತ್ತು ಹಗ್ಗ

ಮಂಡಿಯ ರಚನೆಯನ್ನು ತಿಳಿಯಲು ಬಾವಿಯ ರಾಟೆಯನ್ನು ನೆನೆದುಕೊಳ್ಳಿ. ನೀರೆಳೆಯುವವನ ತೋಳಿನ ಸ್ಥಾನದಲ್ಲಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳಿವೆ. ರಾಟೆಯ ಸ್ಥಾನದಲ್ಲಿ ಮಂಡಿಚಿಪ್ಪು ಇದೆ. ಕೊಡದ ಸ್ಥಾನದಲ್ಲಿ ಮಂಡಿಯ ಕೆಳಗಿನ ಕಾಲು. ತೊಡೆಯ ಸ್ನಾಯು ಸಂಕುಚಿಸಿದಾಗ ಆ ಎಳೆತ ಮಂಡಿಚಿಪ್ಪಿನ ಮೂಲಕ ಹಾಯ್ದು ಕೆಳಗಾಲಿನ ಮೂಳೆಗೆ ತಲಪುತ್ತದೆ. ಮಡಿಸಿದ ಕಾಲು ನೀಳವಾಗುತ್ತದೆ. ಮಂಡಿಚಿಪ್ಪಿನಿಂದ ಕೆಳಗಾಲಿನ ಮೂಳೆಯವರೆಗೆ ಎಳೆತವನ್ನು ಸಾಗಿಸುವ ಹಗ್ಗವೇ ನಾವು ಹೇಳುತ್ತಿರುವ ರಜ್ಜು. ಮಂಡಿಯ ಕೆಳಗೆ ಬೆರಳಿಟ್ಟು ಕಾಲನ್ನು ಬಿಗಿಹಿಡಿದರೆ ಗಟ್ಟಿಯಾದ ಪಟ್ಟಿಯೊಂದು ಸೆಟೆದುನಿಲ್ಲುವುದು ತಿಳಿಯುತ್ತದೆ. ಅದರ ಉದ್ದ ಕೇವಲ ನಾಲ್ಕೈದು ಸೆಂಟಿಮೀಟರು.

ಹಗ್ಗವೆಂದುದು ಬರಿಯ ಹೋಲಿಕೆಯಲ್ಲ. ಅದರ ಒಳರಚನೆಯೂ ಹಗ್ಗದಂತೆಯೇ ಇದೆ. ಕೊಲಾಜನ್ ಎಂಬ ಪ್ರೋಟೀನಿನ ಅತಿಸೂಕ್ಷ್ಮ ಎಳೆಗಳು ಹುರಿಗೊಂಡು ನಾರಾಗಿ, ನಾರುಗಳು ಕೂಡಿ ಕಂತೆಯಾಗಿ, ಕಂತೆಗಳು ಸೇರಿ ರಜ್ಜುವಾಗಿದೆ. ಎಲ್ಲ ಎಳೆಗಳೂ ಎಳೆತದ ದಿಕ್ಕಿನಲ್ಲಿಯೇ ಒಂದಕ್ಕೊಂದು ಸಮಾನಾಂತರವಾಗಿ ಹಬ್ಬಿವೆ. ಇದರಿಂದ ಅದಕ್ಕೆ ಅಸಾಧಾರಣವಾದ ಬಲ ಬಂದಿದೆ.

ಆ ಬಲ ಎಷ್ಟೆಂಬುದನ್ನು ವಿಜ್ಞಾನಿಗಳು ಒಂದು ವಿಚಿತ್ರ ಸಂದರ್ಭದಲ್ಲಿ ಅಳೆದರು. ಭಾರ ಎತ್ತುವ ಸ್ಪರ್ಧೆಯೊಂದನ್ನು ಅಭ್ಯಾಸಕ್ಕಾಗಿ ಚಲನಚಿತ್ರದಲ್ಲಿ ಸೆರೆಹಿಡಿಯುತ್ತಿದ್ದಾಗ, ಸ್ಪರ್ಧಿಯೊಬ್ಬನ ಮಂಡಿಯ ರಜ್ಜು ಕ್ಯಾಮರದ ಎದುರಿಗೇ ಹರಿಯಿತು. ಚಿತ್ರದ ಚೌಕಟ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ ಲೆಕ್ಕಹಾಕಿದಾಗ, ಹರಿಯುವ ಕ್ಷಣದಲ್ಲಿ ಆ ರಜ್ಜುವಿನ ಮೇಲಿದ್ದ ಸೆಳೆತ ಆತನ ಮೈಭಾರದ ಸುಮಾರು ಹದಿನೇಳೂವರೆ ಪಟ್ಟು ಎಂದು ಕಂಡುಬಂತು! ಈ ಲೆಕ್ಕ 1977ರಲ್ಲಿ ಪ್ರಕಟವಾಯಿತು. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಅನ್ವಯಿಸಿದರೆ ಒಂದು ಟನ್ನಿಗಿಂತ ಹೆಚ್ಚಾಯಿತು.

ಆರೋಗ್ಯವಾದ ರಜ್ಜು ಇಷ್ಟು ಭಾರವನ್ನು ತಡೆಯಬಲ್ಲುದಾದರೆ, ಓಡುತ್ತ ಇಟ್ಟ ಒಂದು ಹೆಜ್ಜೆಗೆ ಅದು ಹರಿಯಬಾರದು. ಹಾಗೆ ಹರಿದರೆ, ಅದು ಮೊದಲೇ ಬಲಗುಂದಿತ್ತೆಂದೇ ಅರ್ಥ. ಬಾವಿಯ ಹಗ್ಗ ಕಡಿಯುವುದು ಯಾವುದೋ ಒಂದು ಕೊಡದ ಭಾರಕ್ಕೆ. ಆದರೆ ಅದರ ಎಳೆಗಳು ಅದಕ್ಕೂ ಎಷ್ಟೋ ದಿನ ಮೊದಲಿನಿಂದ ಒಂದೊಂದಾಗಿ ಸವೆಯುತ್ತಿರುತ್ತವೆ.

ಪರಮಾಣು ಬಾಂಬು ನುಡಿದ ಸಾಕ್ಷ್ಯ

ಸವೆದ ಎಳೆಗಳನ್ನು ದೇಹ ದಿನದಿನವೂ ಹೊಸದಾಗಿ ಕಟ್ಟಿಕೊಳ್ಳಬಾರದೇಕೆ? ಸ್ನಾಯುವಿನಲ್ಲಿ ಹೀಗೆ ನಡೆಯುತ್ತಲೇ ಇರುತ್ತದೆ. ರಜ್ಜುವಿನ ವಿಷಯ ಬೇರೆ. ಇದನ್ನು ತೋರಿಸಿಕೊಟ್ಟ ಸಂಶೋಧನೆ ಬಲು ಕುತೂಹಲಕರವಾದುದು.

1955ರಿಂದ 1963ರವರೆಗೆ ಬಲಿಷ್ಠ ರಾಷ್ಟ್ರಗಳು ತೆರೆದ ಗಾಳಿಯಲ್ಲಿ ಅನೇಕ ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದವು. ಇದರಿಂದ ವಾಯುಮಂಡಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದಿಂದ ಅಂಥ ಪರೀಕ್ಷೆಗಳು ಬಹುಮಟ್ಟಿಗೆ ನಿಂತಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತು. ಗಾಳಿಯ ಇಂಗಾಲ ಸಸ್ಯಗಳಿಗೆ, ಸಸ್ಯಗಳಿಂದ ನಮ್ಮ ಆಹಾರಕ್ಕೆ, ಆಹಾರದಿಂದ ನಮ್ಮ ಮೈಗೆ ಸೇರುತ್ತದೆ. ಆದ್ದರಿಂದ ಮೈಯ ಯಾವುದೇ ಭಾಗದಲ್ಲಿ ಇಂಗಾಲ-14 ಎಷ್ಟಿದೆಯೆಂದು ಅಳೆದರೆ, ಆ ಭಾಗ ಯಾವ ವರ್ಷದಲ್ಲಿ ನಿರ್ಮಾಣವಾಯಿತೆಂಬುದನ್ನು ಹೇಳಬಹುದು. ನಾಣ್ಯದ ಮೇಲೆ ಇಸವಿ ಮುದ್ರಿಸಿದಂತಾಯಿತು ಇದು.

ಡೆನ್ಮಾರ್ಕಿನ ಸಂಶೋಧಕರು, 1945 ಮತ್ತು 1983ರ ನಡುವೆ ಹುಟ್ಟಿದ್ದವರ ಹಿಮ್ಮಡಿಯ ರಜ್ಜುವನ್ನು ಈ ವಿಧಾನದಿಂದ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಜ್ಜುವಿನ ತಿರುಳಿನಲ್ಲಿದ್ದ ಇಂಗಾಲ, ಆ ವ್ಯಕ್ತಿಗಳ ಬಾಲ್ಯ ಹಾಗೂ ಹರೆಯದ ಕಾಲದ್ದಾಗಿತ್ತು. ಅಂದರೆ, ಸುಮಾರು ಹದಿನೇಳನೆಯ ವಯಸ್ಸಿನವರೆಗೆ ರಜ್ಜುವಿನ ತಿರುಳು ಬೆಳೆಯುತ್ತದೆ. ಅನಂತರ ಅದು ಹೊಸದಾಗುವುದು ತೀರ ಅತ್ಯಲ್ಪ. ಅದೇ ದೇಹಗಳ ಸ್ನಾಯುವಿನಲ್ಲಾದರೋ ಇಂಗಾಲ ನಿರಂತರವಾಗಿ ಬದಲಾಗುತ್ತಿದ್ದುದು ಕಂಡಿತು. ಹಿಮ್ಮಡಿಯ ರಜ್ಜುವಿನಂತೆಯೇ ಮಂಡಿಯ ರಜ್ಜುವೂ ಕೊಲಾಜನ್ ಕಂತೆಗಳಿಂದ ಕಟ್ಟಿದುದು.

ಹೀಗಾಗಿ, ಹರೆಯ ಮುಗಿಯುವ ವೇಳೆಗೆ ನಮಗೆ ದೊರೆತ ಹಗ್ಗದಿಂದಲೇ ನಾವು ಉಳಿದ ಆಯುಷ್ಯವನ್ನೆಲ್ಲ ಸಾಗಿಸಬೇಕಾಗಿದೆ. ವ್ಯಾಯಾಮದಿಂದ ತೊಡೆಯ ಸ್ನಾಯುವನ್ನು ಕೆಲವೇ ತಿಂಗಳುಗಳಲ್ಲಿ ದಪ್ಪವಾಗಿಸಬಹುದು. ರಜ್ಜು ಅದೇ ವೇಗದಿಂದ ಬಲಿಯುವುದಿಲ್ಲ. ಎಳೆಯುವ ತೋಳು ದಿನೇ ದಿನೇ ಬಲವಾಗುತ್ತದೆ. ಹಗ್ಗ ಮಾತ್ರ ಹಿಂದೆ ಬೀಳುತ್ತದೆ. ವೇಗದ ಆಟಗಾರನ ಅಪಾಯ ಇರುವುದು ಇಲ್ಲಿಯೇ.

ತೇಪೆ ಹಾಕುವ ಕ್ರಮ

ಹರಿದ ರಜ್ಜುವನ್ನು ವೈದ್ಯನು ಹೊಲಿಯಬಲ್ಲ. ಆದರೆ ಹೊಲಿಗೆ ತುದಿಗಳನ್ನು ಹತ್ತಿರಕ್ಕೆ ತಂದು ಹಿಡಿದಿರುತ್ತದೆಯೇ ಹೊರತು, ಬೆಸೆಯುವ ಕೆಲಸವನ್ನು ದೇಹವೇ ಮಾಡಬೇಕು. ಆ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲ ಕೆಲವು ದಿನಗಳಲ್ಲಿ ಗಾಯದ ಸ್ಥಳಕ್ಕೆ ರಕ್ತ ನುಗ್ಗಿ, ಊದಿ, ಬಿಸಿಯೇರಿ, ನೋಯುತ್ತದೆ. ಕಸ ಗುಡಿಸುವ ಜೀವಕೋಶಗಳು ಬಂದು ಹರಿದ ಚೂರುಗಳನ್ನು ತೆಗೆದುಹಾಕುತ್ತವೆ. ಎರಡನೆಯ ಹಂತದಲ್ಲಿ, ಕೆಲವು ವಾರಗಳ ಕಾಲ, ನಾರು ನೇಯುವ ಜೀವಕೋಶಗಳು ಅವಸರದಲ್ಲಿ ಹೊಸ ಕೊಲಾಜನನ್ನು ತುಂಬುತ್ತವೆ. ಈ ಎಳೆಗಳು ತೆಳುವಾದವು; ಮೇಲಾಗಿ ಬಣವೆಯ ಹುಲ್ಲಿನಂತೆ ದಿಕ್ಕುದೆಸೆಯಿಲ್ಲದೆ ಹರಡಿರುತ್ತವೆ. ಮೂರನೆಯ ಹಂತದಲ್ಲಿ ತೆಳು ಎಳೆಗಳ ಬದಲಿಗೆ ದಪ್ಪ ಎಳೆಗಳು ಬಂದು, ಎಳೆತದ ದಿಕ್ಕಿಗೆ ಸಾಲುಗೂಡುತ್ತ ಹೋಗುತ್ತವೆ. ಈ ಹಂತಕ್ಕೆ ಅನೇಕ ತಿಂಗಳುಗಳು, ಎಷ್ಟೋ ವೇಳೆ ವರ್ಷಕ್ಕೂ ಹೆಚ್ಚಿನ ಕಾಲ ಹಿಡಿಯುತ್ತದೆ. ರಜ್ಜುವಿನಲ್ಲಿ ರಕ್ತನಾಳಗಳು ವಿರಳ, ಜೀವಕೋಶಗಳೂ ವಿರಳ. ಆದ್ದರಿಂದಲೇ ಈ ನಿಧಾನ.

ಈಗ ನಮ್ಮ ಪ್ರಶ್ನೆಗೆ ಬರೋಣ. ನೋವು ನಿಲ್ಲುವುದು ಯಾವಾಗ? ಬಹುಮಟ್ಟಿಗೆ ಮೊದಲನೆಯ ಹಂತದ ಊತ ಇಳಿದಾಗ. ಬಲ ಬರುವುದು ಯಾವಾಗ? ಮೂರನೆಯ ಹಂತ ಸಾಗಿದ ಮೇಲೆ. ಇವೆರಡರ ನಡುವೆ ಅನೇಕ ತಿಂಗಳುಗಳ ಕಂದಕವಿದೆ. ಆ ಕಂದಕದಲ್ಲಿರುವ ಆಟಗಾರನಿಗೆ ನೋವಿಲ್ಲ, ಕಾಲು ಹಗುರವಾಗಿದೆ, ಓಡಬಲ್ಲ, ಜಿಗಿಯಬಲ್ಲ. ಒಳಗಿನ ಹಗ್ಗ ಮಾತ್ರ ಇನ್ನೂ ಹಸಿ. ನೋವು ಬೆಂಕಿ ಬಿದ್ದುದನ್ನು ತಿಳಿಸುವ ಗಂಟೆ. ಸುಟ್ಟ ಮನೆಯನ್ನು ಮತ್ತೆ ಕಟ್ಟಿ ಮುಗಿಸಿದ ಸುದ್ದಿಯನ್ನು ಅದು ತಿಳಿಸುವುದಿಲ್ಲ.

ಹಾಗಾದರೆ ವರ್ಷಪೂರ್ತಿ ಮಲಗಿದ್ದರೆ ಸರಿಹೋದೀತೆ? ಅದೂ ತಪ್ಪು. ಹಗ್ಗ ಹೊಸೆಯುವವನು ನಾರನ್ನು ಬಿಗಿಯಾಗಿ ಎಳೆದು ಹಿಡಿದೇ ಹೊಸೆಯುತ್ತಾನೆ. ಸಡಿಲ ಬಿಟ್ಟರೆ ಹುರಿ ಕೂಡುವುದಿಲ್ಲ. ರಜ್ಜುವಿನ ಜೀವಕೋಶಗಳೂ ಹಾಗೆಯೇ. ಎಳೆತವನ್ನು ಗುರುತಿಸಿ, ಆ ದಿಕ್ಕಿಗೆ ಅವು ನಾರನ್ನು ಜೋಡಿಸುತ್ತವೆ. ಎಳೆತವೇ ಇಲ್ಲದಿದ್ದರೆ ರಜ್ಜು ದುರ್ಬಲವಾಗುತ್ತದೆ, ಕೀಲು ಬಿಗಿದುಕೊಳ್ಳುತ್ತದೆ, ಸ್ನಾಯು ಸೊರಗುತ್ತದೆ. ಎಳೆತ ಮಿತಿಮೀರಿದರೆ ತೇಪೆಯೇ ಹರಿಯುತ್ತದೆ. ಔಷಧದಂತೆ ವ್ಯಾಯಾಮಕ್ಕೂ ಪ್ರಮಾಣವಿದೆ. ಅದನ್ನು ವಾರವಾರಕ್ಕೆ ಅಳೆದು ಹೆಚ್ಚಿಸುತ್ತ ಹೋಗುವುದೇ ಇಂದಿನ ಚಿಕಿತ್ಸೆಯ ತಿರುಳು.

ಎರಡನೆಯ ಪ್ರಯತ್ನ

ರೊನಾಲ್ಡೊನಿಗೆ ಎರಡನೆಯ ಶಸ್ತ್ರಚಿಕಿತ್ಸೆ ನಡೆದಾಗ, ಈತ ಮತ್ತೆ ಆಡಲಾರನೆಂದು ಭಾವಿಸಿದವರೇ ಹೆಚ್ಚು. ಆದರೆ ಈ ಸಲ ಕಾಲವನ್ನು ಕೊಡಲಾಯಿತು. 2000-01ರ ಇಡೀ ಋತು ಆತ ಆಡಲಿಲ್ಲ. ಮಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿಸುವುದರಿಂದ ಮೊದಲುಮಾಡಿ, ನಡೆಯಲು, ಓಡಲು, ಕೊನೆಗೆ ಚೆಂಡನ್ನು ಒದೆಯಲು ಮತ್ತೆ ಕಲಿತ. ಅಧಿಕೃತ ಪಂದ್ಯಕ್ಕೆ ಮರಳಿದ್ದು 2001ರ ಸೆಪ್ಟೆಂಬರಿನಲ್ಲಿ. ಮೊದಲ ಬಾರಿ ಐದು ತಿಂಗಳು; ಎರಡನೆಯ ಬಾರಿ ಹದಿನೇಳು ತಿಂಗಳು! ಮರಳಿದ ಮೇಲೂ ತೊಡೆಯ ಸ್ನಾಯುಗಳು ಆಗಾಗ ಸೆಳೆದುಕೊಂಡು ಕಾಡಿದವು. ಆದರೆ ಹೊಲಿದ ರಜ್ಜು ಗಟ್ಟಿಯಾಗಿ ನಿಂತಿತು.

2002ರ ವಿಶ್ವಕಪ್ ಪಂದ್ಯಾವಳಿಯಲ್ಲಿ ಆತ ಏಳು ಪಂದ್ಯಗಳಲ್ಲಿ ಎಂಟು ಗೋಲು ಹೊಡೆದ. ಜೂನ್ 30ರಂದು ಜಪಾನಿನ ಯೊಕೊಹಾಮದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಜರ್ಮನಿಯನ್ನು 2-0ರಿಂದ ಸೋಲಿಸಿತು. ಎರಡು ಗೋಲುಗಳೂ ಆತನವೇ. ಎರಡು ವರ್ಷಗಳ ಹಿಂದೆ ರೋಮಿನ ಮೈದಾನದಿಂದ ಹೊತ್ತು ತಂದಿದ್ದ ಮನುಷ್ಯ ಇವನೇ.

ಈ ಎರಡು ಅಂಕೆಗಳನ್ನು ಮುಂದಿಟ್ಟುಕೊಂಡು, ಕಾಯದಿದ್ದುದೊಂದೇ ಮೊದಲ ಸೋಲಿಗೆ ಕಾರಣವೆಂದು ತೀರ್ಪುಕೊಡುವುದು ಸರಿಯಲ್ಲ. ಮಂಡಿಯ ಹಳೆಯ ತೊಂದರೆ, ಆಟದ ರೀತಿ, ಹರಿದ ಬಗೆ ಎಲ್ಲವೂ ಸೇರಿಯೇ ಫಲ. ಕಾಲ ಎಲ್ಲವನ್ನೂ ಸರಿಪಡಿಸುವುದೂ ಇಲ್ಲ. ಮೊದಲಿನ ಮಿಂಚಿನ ವೇಗ ಆತನಿಗೆ ಪೂರ್ಣವಾಗಿ ಮರಳಲಿಲ್ಲ. 2008ರ ಫೆಬ್ರವರಿಯಲ್ಲಿ ಎಡ ಮಂಡಿಯ ಅಂಥದೇ ರಜ್ಜುವೂ ಹರಿಯಿತು. 2011ರಲ್ಲಿ ಆತ ಆಟಕ್ಕೆ ವಿದಾಯ ಹೇಳಿದ.

ರಜ್ಜುವಿಗಿಂತ ಹಟಮಾರಿಯಾದವು

ರಜ್ಜು ನಿಧಾನವಾಗಿಯಾದರೂ ಬೆಸೆಯುತ್ತದೆ. ಮಂಡಿಯ ಒಳಗೆ ಇನ್ನೂ ಹಟಮಾರಿಯಾದ ಭಾಗಗಳಿವೆ. ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಕತ್ತರಿಯಂತೆ ಅಡ್ಡಹಾಯ್ದು ಬಿಗಿಯುವ ಎರಡು ಅಸ್ಥಿರಜ್ಜುಗಳು ಅಲ್ಲಿವೆ. ಆಟದ ಮೈದಾನದಲ್ಲಿ ‘ಲಿಗಮೆಂಟ್ ಹೋಯಿತು’ ಎಂದು ಮರುಗುವುದು ಸಾಮಾನ್ಯವಾಗಿ ಇವುಗಳಲ್ಲಿ ಮುಂದಿನದು ಹರಿದಾಗ. ಇದು ಕೀಲಿನ ದ್ರವದಲ್ಲಿ ನೆನೆಯುತ್ತಿರುವುದರಿಂದ, ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದು ಕಷ್ಟ. ಹೆಪ್ಪಿಲ್ಲದೆ ಬೆಸುಗೆಗೆ ತಳಹದಿಯಿಲ್ಲ. ಪೂರ್ಣವಾಗಿ ಹರಿದುದು ತಾನಾಗಿ ಕೂಡಿಕೊಂಡು ಮೊದಲಿನ ಬಲವನ್ನು ಪಡೆಯುವುದು ವಿರಳ.

ಇಂಗ್ಲೆಂಡಿನ ಬ್ರಯನ್ ಕ್ಲಫ್ ಇದರ ಕಹಿಯನ್ನುಂಡವನು. ಮಿಡಲ್ಸ್‌ಬರೋ ಮತ್ತು ಸಂಡರ್ಲೆಂಡ್ ತಂಡಗಳಿಗಾಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದ ಈತ, 1962ರ ಡಿಸೆಂಬರ್ 26ರಂದು ಬರಿ ತಂಡದ ಗೋಲ್‌ಕೀಪರನಿಗೆ ಡಿಕ್ಕಿ ಹೊಡೆದು ಮಂಡಿಯ ಅಸ್ಥಿರಜ್ಜುಗಳನ್ನು ಹರಿದುಕೊಂಡ. ಆಗ ವಯಸ್ಸು ಇಪ್ಪತ್ತೇಳು. ಸುಮಾರು ಇಪ್ಪತ್ತು ತಿಂಗಳ ಮೇಲೆ ಮರಳಿ ಬಂದು ಮೂರು ಪಂದ್ಯಗಳನ್ನಾಡಿ ಕೈಚೆಲ್ಲಿದ. ಅದೇ 1962ರಲ್ಲಿ ಜಪಾನಿನ ವೈದ್ಯ ಮಸಾಕಿ ವತಾನಬೆ, ಸಣ್ಣ ರಂಧ್ರದ ಮೂಲಕ ದರ್ಶಕನಳಿಗೆಯನ್ನು ತೂರಿಸಿ ಮಂಡಿಯ ಒಳಗೆ ಶಸ್ತ್ರಚಿಕಿತ್ಸೆ ನಡೆಸಿ ತೋರಿಸಿದ್ದ. ಆ ವಿದ್ಯೆ ಬೆಳೆದು, ರೋಗಿಯದೇ ರಜ್ಜುವಿನ ತುಂಡೊಂದನ್ನು ತೆಗೆದು ಹರಿದ ಅಸ್ಥಿರಜ್ಜುವಿನ ಸ್ಥಳದಲ್ಲಿ ಕೂಡಿಸುವ ಕ್ರಮ ಜಗತ್ತಿನಲ್ಲೆಲ್ಲ ರೂಢಿಗೆ ಬರುವ ವೇಳೆಗೆ ಕ್ಲಫ್ ಎಂದೋ ಆಟ ಬಿಟ್ಟಿದ್ದ. ತರಬೇತುದಾರನಾಗಿ ಆತ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟದ್ದು ಬೇರೆಯ ಮಾತು.

ಇನ್ನು ಮೂಳೆಗಳ ತುದಿಯನ್ನು ನುಣುಪಾಗಿ ಹೊದಿಸಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ. ಅದು ಸವೆದರೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಮೂರು ಬಾರಿ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್ 1993ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಕೊನೆಯ ಪಂದ್ಯವನ್ನಾಡಿದ್ದು ಕಾಲಿನ ಗಿಣ್ಣಿನ ಕೀಲು ಹೀಗೆ ಕೆಟ್ಟದ್ದರಿಂದಲೇ. ಅನೇಕ ಶಸ್ತ್ರಚಿಕಿತ್ಸೆಗಳೂ ಅದನ್ನು ಉಳಿಸಲಿಲ್ಲ.

ಒಂದೊಂದು ತಿಂಗಳ ಬೆಲೆ

ಶಸ್ತ್ರಚಿಕಿತ್ಸೆಯ ಕೌಶಲ ಇಂದು ಎಷ್ಟೋ ಮುಂದುವರಿದಿದೆ. ಆದರೆ ಅದು ಅಂಗಾಂಶಗಳ ಗಡಿಯಾರವನ್ನು ಓಡಿಸಲಾರದು. ಹೊಸದಾಗಿ ಕೂಡಿಸಿದ ರಜ್ಜುವಿನ ತುಂಡು ಕೂಡ ಮೊದಲ ಕೆಲವು ತಿಂಗಳು ಬಲಗುಂದಿ, ಅನಂತರವೇ ಗಟ್ಟಿಯಾಗುತ್ತ ಹೋಗುತ್ತದೆ. ಅದು ಅತ್ಯಂತ ದುರ್ಬಲವಾಗಿರುವ ವೇಳೆಗೇ ರೋಗಿಗೆ ತಾನು ಗುಣಮುಖನಾದೆನೆಂಬ ಭಾವನೆ ಬರುತ್ತಿರುತ್ತದೆ! ಈ ಬಗೆಯ ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದಷ್ಟೂ, ಪ್ರತಿಯೊಂದು ತಿಂಗಳಿಗೆ ಮಂಡಿ ಮತ್ತೆ ಗಾಯಗೊಳ್ಳುವ ಸಂಭವ ಸುಮಾರು ಅರ್ಧಕ್ಕರ್ಧ ಇಳಿಯುವುದೆಂದು ತೋರಿಸಿತು. ಒಂದು ತಿಂಗಳ ತಾಳ್ಮೆಗೆ ಇಷ್ಟು ದೊಡ್ಡ ಲಾಭ ಬೇರೆ ಯಾವ ವ್ಯವಹಾರದಲ್ಲಿ ದೊರೆತೀತು?

ಗಾಯವಾಗದಂತೆ ನೋಡಿಕೊಳ್ಳುವುದು ಇನ್ನೂ ಲೇಸು. ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಾಡುವ ‘ಇಲೆವೆನ್ ಪ್ಲಸ್’ ಎಂಬ ವ್ಯಾಯಾಮಕ್ರಮವೊಂದನ್ನು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ವೈದ್ಯರು ರೂಪಿಸಿದ್ದಾರೆ. ನಿಧಾನವಾದ ಓಟ, ಒಂಟಿಕಾಲಿನಲ್ಲಿ ಸಮತೋಲ, ಜಿಗಿದು ಮಂಡಿಯನ್ನು ಒಳಕ್ಕೆ ವಾಲಿಸದೆ ಮೆಲ್ಲಗೆ ನೆಲಕ್ಕಿಳಿಯುವುದು ಇಂಥವು ಅದರಲ್ಲಿವೆ. ಚೆಂಡೊಂದು ಬಿಟ್ಟರೆ ಯಾವ ಉಪಕರಣವೂ ಬೇಡ. ನಾರ್ವೆಯ 1,892 ಬಾಲಕಿಯರ ಮೇಲೆ ಇದನ್ನು ಪರೀಕ್ಷಿಸಿದಾಗ, ವ್ಯಾಯಾಮ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದುವೆಂದು 2008ರಲ್ಲಿ ವರದಿಯಾಯಿತು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಫುಟ್‌ಬಾಲೋ ಕಬಡ್ಡಿಯೋ ವಾಲಿಬಾಲೋ ಆಡುವವರು ಅನೇಕರಿರಬಹುದು. ಮೂಳೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಮಂಡಿಯ ಕೆಳಗೆ, ರಜ್ಜು ಮೂಳೆಗೆ ಅಂಟುವ ಸ್ಥಳದಲ್ಲಿ, ಗಂಟಿನಂತೆ ಊದಿ ನೋಯುವುದುಂಟು. ಬಹುಪಾಲು ಅದು ಬೆಳವಣಿಗೆ ಮುಗಿದಾಗ ಶಮನವಾಗುತ್ತದೆ. ಆದರೆ ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಕಾಲನ್ನು ಊರಲಾಗದಿದ್ದರೆ, ಇಲ್ಲವೆ ಕೀಲು ಜಾರಿದಂತೆ ತೋರಿದರೆ, ಅದನ್ನು ಉಳುಕೆಂದು ತಿಕ್ಕಿಸಿಕೊಳ್ಳುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ನೋವುನಿವಾರಕ ಗುಳಿಗೆ ನುಂಗಿ ಪಂದ್ಯಕ್ಕಿಳಿಯುವುದಂತೂ ಗಂಟೆಯ ನಾಲಗೆಯನ್ನು ಕಟ್ಟಿ ಬೆಂಕಿ ಆರಿತೆಂದು ನಂಬಿದಂತೆ. ಅಂತರಶಾಲಾ ಪಂದ್ಯ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬರುತ್ತದೆ. ಹದಿನೇಳರೊಳಗೆ ಹೊಸೆದು ಮುಗಿದ ಹಗ್ಗ ಮಾತ್ರ ಪ್ರತಿಯೊಬ್ಬರಿಗೂ ಒಂದೇ.